ಹಣಕಾಸು ವರದಿಗಾರಿಕೆ ಮತ್ತು ಲೆಕ್ಕಶಾಸ್ತ್ರದ ದತ್ತಾಂಶಾಧಾರಿತ ಸಂಶೋಧನೆ

ಕಂಪನಿಗಳು ಪ್ರಕಟಿಸುವ ಲಾಭ-ನಷ್ಟ ಖಾತೆ, ಅಢಾವೆ ಪತ್ರಿಕೆ, ನಗದು ಹರಿವಿನ ತಖ್ತೆ ಮತ್ತು ಅವುಗಳ ಜೊತೆಗಿನ ಟಿಪ್ಪಣಿಗಳು ಹೇಗೆ ರೂಪುಗೊಳ್ಳುತ್ತವೆ, ಅವನ್ನು ಸಿದ್ಧಪಡಿಸುವವರ ಹಿತಾಸಕ್ತಿಗಳೇನು, ಓದಿದವರು ಯಾವ ತೀರ್ಮಾನಕ್ಕೆ ಬರುತ್ತಾರೆ ಎಂಬುದನ್ನು ನೂರಾರು, ಸಾವಿರಾರು ಕಂಪನಿಗಳ ನೈಜ ಅಂಕಿಅಂಶ ಇಟ್ಟುಕೊಂಡು ಪರೀಕ್ಷಿಸುವ ಜ್ಞಾನಶಾಖೆ ಇದು. ಲೆಕ್ಕ ಬರೆಯುವುದನ್ನು ಕಲಿಸುವ ಲೆಕ್ಕಶಾಸ್ತ್ರದೊಂದಿಗೆ ಇದಕ್ಕೆ ನಂಟಿದ್ದರೂ ಕೇಳುವ ಪ್ರಶ್ನೆ ಬೇರೆ. ಸವಕಳಿಯನ್ನು ಯಾವ ಕ್ರಮದಲ್ಲಿ ಕಳೆಯಬೇಕು ಎಂಬುದು ಬಿ.ಕಾಂ. ತರಗತಿಯ ಪ್ರಶ್ನೆ. ನಿಯಮದೊಳಗೇ ಎರಡು ದಾರಿಗಳಿದ್ದಾಗ ಕಂಪನಿ ಒಂದನ್ನೇ ಏಕೆ ಹಿಡಿಯಿತು, ಅದರಿಂದ ಷೇರುದಾರರಿಗೆ, ಸಾಲ ಕೊಟ್ಟ ಬ್ಯಾಂಕಿಗೆ, ಸರ್ಕಾರಕ್ಕೆ ಏನಾಯಿತು ಎಂಬುದು ಸಂಶೋಧಕರ ಪ್ರಶ್ನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ 1960ರ ದಶಕದಲ್ಲಿ ಬೇರುಬಿಟ್ಟ ಈ ಬಗೆಯ ಅಧ್ಯಯನ ಇಂದು ಪಿಎಚ್.ಡಿ. ಮಟ್ಟದ ಲೆಕ್ಕಶಾಸ್ತ್ರದ ಮುಖ್ಯ ಧಾರೆಯಾಗಿದೆ.

ಲಾಭವೆಂಬ ಅಂದಾಜು

ಈ ಶಾಖೆಯ ಬಹುಪಾಲು ಚರ್ಚೆ ಒಂದೇ ಸಂಗತಿಯ ಸುತ್ತ ನಡೆಯುತ್ತದೆ: ಲಾಭ ಎಂಬುದು ಎಣಿಸಿದ ಹಣವಲ್ಲ, ಅಂದಾಜು. ಪಂಪ್‌ಸೆಟ್ ತಯಾರಿಸುವ ಕಂಪನಿಯೊಂದನ್ನು ಊಹಿಸಿಕೊಳ್ಳಿ. ಮಾರ್ಚ್ ತಿಂಗಳಲ್ಲಿ ಅದು ಡೀಲರುಗಳಿಗೆ 10 ಕೋಟಿ ರೂಪಾಯಿಯ ಸರಕನ್ನು ಉದ್ರಿ ಕೊಟ್ಟಿದೆ. ದುಡ್ಡು ಕೈಸೇರುವುದು ಸುಗ್ಗಿಯ ನಂತರ. ಆದರೂ ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಲೆಕ್ಕದಲ್ಲೇ ಅದು ಮಾರಾಟವೆಂದು ಸೇರುತ್ತದೆ, ಸೇರಲೂ ಬೇಕು. ಆ ಹತ್ತು ಕೋಟಿಯಲ್ಲಿ ಎಷ್ಟು ವಸೂಲಾಗಲಿಕ್ಕಿಲ್ಲ ಎಂದು ಆಡಳಿತ ಮಂಡಳಿ ಈಗಲೇ ಅಂದಾಜು ಮಾಡಿ ಅಷ್ಟನ್ನು ಬದಿಗಿಡಬೇಕು. ಶೇ. 2 ಎಂದರೆ 20 ಲಕ್ಷ, ಶೇ. 6 ಎಂದರೆ 60 ಲಕ್ಷ. ಒಂದು ರೂಪಾಯಿಯೂ ಅತ್ತಿತ್ತ ಕದಲದೆ ವರ್ಷದ ಲಾಭದಲ್ಲಿ 40 ಲಕ್ಷದ ವ್ಯತ್ಯಾಸ ಬರುತ್ತದೆ. ದಾಸ್ತಾನಿನ ಬೆಲೆ, ಯಂತ್ರದ ಆಯುಸ್ಸು, ವಾರಂಟಿಯ ಖರ್ಚು, ನೌಕರರ ಗ್ರಾಚ್ಯುಟಿ ಎಲ್ಲದರ ಹಿಂದೆಯೂ ಇಂಥ ಅಂದಾಜುಗಳಿವೆ.

ವರದಿಯಾದ ಲಾಭದಿಂದ ವ್ಯವಹಾರದಲ್ಲಿ ನಿಜವಾಗಿ ಬಂದ ನಗದನ್ನು ಕಳೆದರೆ ಉಳಿಯುವ ಭಾಗವನ್ನು ಅಕ್ರೂಯಲ್ ಎನ್ನುತ್ತಾರೆ. ಅದರಲ್ಲಿ ಎರಡು ಗುಣಗಳು ಒಟ್ಟಿಗೆ ಇವೆ. ಒಳಗಿನವರಿಗೆ ಮಾತ್ರ ಗೊತ್ತಿರುವ ವಿಷಯವನ್ನು ಅದು ಹೊರಗಿನವರಿಗೆ ತಲುಪಿಸುತ್ತದೆ. ಹಾಗೆಯೇ ಲಾಭವನ್ನು ಬೇಕಾದ ಕಡೆ ಬಾಗಿಸಲು ಅವಕಾಶವನ್ನೂ ಕೊಡುತ್ತದೆ. ಯಾವ ಗುಣ ಎಲ್ಲಿ ಮೇಲುಗೈ ಪಡೆಯುತ್ತದೆ ಎಂಬುದು ತರ್ಕದಿಂದ ತೀರ್ಮಾನವಾಗುವಂಥದ್ದಲ್ಲ, ದತ್ತಾಂಶವನ್ನೇ ಕೇಳಬೇಕು.

1968ರ ತಿರುವು

ಅಲ್ಲಿಯವರೆಗಿನ ಲೆಕ್ಕಶಾಸ್ತ್ರದ ಪಂಡಿತರು ಹೆಚ್ಚಾಗಿ ಕೇಳುತ್ತಿದ್ದುದು ಲೆಕ್ಕ ಹೇಗಿರಬೇಕು ಎಂದು. ಪೇಟನ್ ಮತ್ತು ಲಿಟಲ್ಟನ್ ಅವರ 1940ರ ಗ್ರಂಥ, ಎಡ್ವರ್ಡ್ಸ್ ಮತ್ತು ಬೆಲ್ ಅವರ 1961ರ ಕೃತಿ, ಆಸ್ಟ್ರೇಲಿಯದ ರೇಮಂಡ್ ಚೇಂಬರ್ಸ್ ಅವರ 1966ರ ಕೃತಿ ಈ ದಾರಿಯ ಘನ ಪ್ರಯತ್ನಗಳು. ಆಸ್ತಿಯನ್ನು ಕೊಂಡ ಬೆಲೆಯಲ್ಲಿ ತೋರಿಸಬೇಕೆ, ಇಂದು ಮಾರಿದರೆ ಬರುವ ಬೆಲೆಯಲ್ಲೆ ಎಂಬ ವಾದ ಬಗೆಹರಿಯಲೇ ಇಲ್ಲ. ಬೇರೆ ಬೇರೆ ಅಳತೆಗೋಲುಗಳಿಂದ ಅಳೆದ ಮೊತ್ತಗಳನ್ನು ಕೂಡಿ ಕಳೆದು ಬರುವ ನಿವ್ವಳ ಲಾಭಕ್ಕೆ ಅರ್ಥವೇ ಇಲ್ಲ ಎಂದವರೂ ಇದ್ದರು.

ಶಿಕಾಗೊ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದ ಆಸ್ಟ್ರೇಲಿಯದ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ಈ ವಾದವನ್ನು ಬೇರೆಯೇ ಕಡೆಯಿಂದ ಹಿಡಿದರು. ಲಾಭದ ಸಂಖ್ಯೆಗೆ ಅರ್ಥವಿಲ್ಲದಿದ್ದರೆ ಷೇರುಪೇಟೆ ಅದಕ್ಕೆ ಕಿವಿಗೊಡಬಾರದು. ಕಿವಿಗೊಡುತ್ತದೆಯೇ ನೋಡೋಣ ಎಂದು ಹೊರಟರು. ಅದಕ್ಕೆ ಕಾಲವೂ ಕೂಡಿಬಂದಿತ್ತು. ನ್ಯೂಯಾರ್ಕ್ ಷೇರುಪೇಟೆಯ ದಶಕಗಳ ಬೆಲೆಗಳನ್ನು ಗಣಕಯಂತ್ರ ಓದಬಲ್ಲ ರೂಪಕ್ಕೆ ತರುವ ಕೆಲಸವನ್ನು ಶಿಕಾಗೊದ ಸಿಆರ್‌ಎಸ್‌ಪಿ ಕೇಂದ್ರ 1960ರಲ್ಲೇ ಕೈಗೆತ್ತಿಕೊಂಡಿತ್ತು. ಕಂಪನಿಗಳ ಲೆಕ್ಕಪತ್ರ ಕಂಪ್ಯೂಸ್ಟ್ಯಾಟ್ ಟೇಪುಗಳಲ್ಲಿ ಸಿಗುತ್ತಿತ್ತು. ಇವೆರಡನ್ನು ಜೋಡಿಸಿದ್ದೇ ಈ ಶಾಖೆಯ ಹುಟ್ಟು ಎಂದರೆ ತಪ್ಪಾಗದು.

ಅವರ ವಿಧಾನ ಇಂದಿಗೂ ತರಗತಿಯಲ್ಲಿ ಮೊದಲ ಪಾಠ. 261 ಕಂಪನಿಗಳನ್ನು ಆರಿಸಿಕೊಂಡರು. ಇಡೀ ಪೇಟೆಯ ಕಂಪನಿಗಳ ಲಾಭ ಏರಿಳಿದಂತೆ ಈ ಕಂಪನಿಯ ಲಾಭವೂ ಇಷ್ಟು ಏರಿಳಿಯಬೇಕಿತ್ತು ಎಂದು ಹಿಂದಿನ ವರ್ಷಗಳ ನಂಟಿನಿಂದ ಲೆಕ್ಕ ಹಾಕಿದರು. ನಿಜವಾದ ಲಾಭ ಆ ನಿರೀಕ್ಷೆಗಿಂತ ಮೇಲಿದ್ದರೆ ಒಳ್ಳೆಯ ಸುದ್ದಿ, ಕೆಳಗಿದ್ದರೆ ಕೆಟ್ಟ ಸುದ್ದಿ. ಷೇರಿನ ಬೆಲೆಯಿಂದಲೂ ಹಾಗೆಯೇ ಇಡೀ ಪೇಟೆಯ ಏರಿಳಿತವನ್ನು ಕಳೆದು ಕಂಪನಿಗೇ ಸೇರಿದ ಭಾಗವನ್ನು ಉಳಿಸಿಕೊಂಡರು. ಲಾಭ ಪ್ರಕಟವಾಗುವ ಹನ್ನೆರಡು ತಿಂಗಳ ಹಿಂದಿನಿಂದ ಆರು ತಿಂಗಳ ಮುಂದಿನವರೆಗೆ ಎರಡೂ ಗುಂಪುಗಳ ಬೆಲೆಯನ್ನು ಗೆರೆ ಎಳೆದು ನೋಡಿದಾಗ ಒಳ್ಳೆಯ ಸುದ್ದಿಯ ಗೆರೆ ಮೇಲೇರುತ್ತಲೂ ಕೆಟ್ಟ ಸುದ್ದಿಯ ಗೆರೆ ಕೆಳಗಿಳಿಯುತ್ತಲೂ ಹೋದವು. ಲಾಭದ ಸಂಖ್ಯೆಯಲ್ಲಿ ಹುರುಳಿದೆ ಎಂಬುದು ಇದರಿಂದ ಸಾಬೀತಾಯಿತು. ಇದರೊಂದಿಗೆ ಇನ್ನೊಂದು ಸಂಗತಿಯೂ ಹೊರಬಿತ್ತು: ಆ ಹುರುಳಿನ ಶೇ. 85ರಿಂದ 90ರಷ್ಟು, ವಾರ್ಷಿಕ ಲಾಭ ಪ್ರಕಟವಾಗುವ ತಿಂಗಳಿಗೂ ಮೊದಲೇ ಬೇರೆ ಮೂಲಗಳಿಂದ ಪೇಟೆಗೆ ತಲುಪಿರುತ್ತದೆ. ವಾರ್ಷಿಕ ವರದಿ ಹೊಸ ಸುದ್ದಿ ತರುವುದಕ್ಕಿಂತ ಹೆಚ್ಚಾಗಿ, ಆಗಲೇ ಹಬ್ಬಿದ ಸುದ್ದಿಗೆ ಮೊಹರು ಒತ್ತುತ್ತದೆ.

ಈ ಪ್ರಬಂಧವನ್ನು ‘ದಿ ಅಕೌಂಟಿಂಗ್ ರಿವ್ಯೂ’ ನಿರಾಕರಿಸಿತು. 1968ರಲ್ಲಿ ‘ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್’ ಪ್ರಕಟಿಸಿತು. ಅಮೆರಿಕನ್ ಅಕೌಂಟಿಂಗ್ ಅಸೋಸಿಯೇಷನ್ ಮೂಲಭೂತ ಕೊಡುಗೆಗೆಂದು ಪ್ರಶಸ್ತಿ ಸ್ಥಾಪಿಸಿದಾಗ ಮೊದಲು ಸಂದದ್ದು ಇದೇ ಪ್ರಬಂಧಕ್ಕೆ. 1968ರಲ್ಲೇ ವಿಲಿಯಂ ಬೀವರ್ 143 ಕಂಪನಿಗಳ ಲಾಭ ಪ್ರಕಟಣೆಯ ವಾರವನ್ನೇ ಹತ್ತಿರದಿಂದ ನೋಡಿದರು. ಆ ವಾರ ಷೇರು ವಹಿವಾಟು ಸಾಮಾನ್ಯ ವಾರಗಳಿಗಿಂತ ಶೇ. 33ರಷ್ಟು ಹೆಚ್ಚಿತ್ತು, ಬೆಲೆಯ ಏರಿಳಿತ ಶೇ. 67ರಷ್ಟು ಹೆಚ್ಚಿತ್ತು. ಈ ಎರಡು ಪ್ರಬಂಧಗಳನ್ನು ಓದದೆ ಈ ಕ್ಷೇತ್ರಕ್ಕೆ ಕಾಲಿಡುವುದು ಸಾಧ್ಯವಿಲ್ಲ.

ರೋಚೆಸ್ಟರ್ ಪಂಥ

ಪೇಟೆ ಏನು ಮಾಡುತ್ತದೆ ಎಂಬುದು ಶಿಕಾಗೊದವರ ಕುತೂಹಲವಾದರೆ, ಲೆಕ್ಕ ಬರೆಸುವವರು ಏನು ಮಾಡುತ್ತಾರೆ ಎಂಬುದು ರೋಚೆಸ್ಟರ್ ವಿಶ್ವವಿದ್ಯಾಲಯದ ರಾಸ್ ವಾಟ್ಸ್ ಮತ್ತು ಜೆರೋಲ್ಡ್ ಜಿಮ್ಮರ್‌ಮನ್ ಅವರದು. ಹಣದುಬ್ಬರಕ್ಕೆ ತಕ್ಕಂತೆ ಲೆಕ್ಕ ತಿದ್ದುವ ಪ್ರಸ್ತಾವನೆಯೊಂದಕ್ಕೆ ಅಮೆರಿಕದ ಮಾನದಂಡ ಮಂಡಳಿಯ ಮುಂದೆ ಕಂಪನಿಗಳು ಸಲ್ಲಿಸಿದ ಅಭಿಪ್ರಾಯಗಳನ್ನು ಅವರು 1978ರಲ್ಲಿ ವಿಶ್ಲೇಷಿಸಿದರು. ಹೊಸ ನಿಯಮದಿಂದ ಲಾಭ ಕಡಿಮೆ ಕಾಣುವ ಕಡೆ ದೊಡ್ಡ ಕಂಪನಿಗಳು ಅದನ್ನು ಬೆಂಬಲಿಸುವತ್ತ ಹೆಚ್ಚು ಒಲಿದಿದ್ದವು. ಹೆಚ್ಚು ಲಾಭ ತೋರಿಸಿ ಸರ್ಕಾರದ, ಜನರ ಕಣ್ಣಿಗೆ ಬೀಳುವುದು ದೊಡ್ಡವರಿಗೆ ಬೇಡದ ವಿಷಯ ಎಂಬುದು ಅವರ ವಿವರಣೆ. ಮುಂದೆ ಮೂರು ಊಹೆಗಳು ಈ ಪಂಥದ ಗುರುತಾದವು: ಲಾಭಕ್ಕೆ ಅಂಟಿದ ಬೋನಸ್ ಇರುವ ಮ್ಯಾನೇಜರು ಲಾಭ ಹಿಗ್ಗಿಸುವ ವಿಧಾನ ಹಿಡಿಯುತ್ತಾರೆ, ಸಾಲದ ಕರಾರಿನ ಗಡಿಗೆ ಹತ್ತಿರವಿರುವ ಕಂಪನಿಯೂ ಹಾಗೆಯೇ ಮಾಡುತ್ತದೆ, ರಾಜಕೀಯವಾಗಿ ಎದ್ದು ಕಾಣುವ ಕಂಪನಿ ಲಾಭ ಕುಗ್ಗಿಸುತ್ತದೆ. ಇವರು 1979ರಲ್ಲಿ ಆರಂಭಿಸಿದ ‘ಜರ್ನಲ್ ಆಫ್ ಅಕೌಂಟಿಂಗ್ ಆ್ಯಂಡ್ ಎಕನಾಮಿಕ್ಸ್’ ಇಂದಿಗೂ ಈ ಕ್ಷೇತ್ರದ ಮೊದಲ ಸಾಲಿನ ಪತ್ರಿಕೆ.

ಲೆಕ್ಕ ಹೇಗಿರಬೇಕು ಎಂಬ ಪ್ರಶ್ನೆಯನ್ನೇ ಈ ಪಂಥ ಕೈಬಿಟ್ಟಿತು ಎಂಬ ಟೀಕೆ ನ್ಯಾಯವಾದದ್ದೇ. ಆದರೆ ನಿಯಮ ಮಾಡುವವರು ಕಂಪನಿಯ ಮಾತಿನ ಹಿಂದೆ ಅದರ ಹಿತವನ್ನೂ ಹುಡುಕಬೇಕು ಎಂದು ಕಲಿಸಿಕೊಟ್ಟದ್ದು ಇವರೇ.

ಲಾಭ ತಿದ್ದುವುದನ್ನು ಪತ್ತೆಹಚ್ಚುವ ಬಗೆ

ಇಡೀ ಶಾಖೆಯಲ್ಲಿ ಅತಿ ಹೆಚ್ಚು ಶಾಯಿ ಹರಿದಿರುವುದು ಇಲ್ಲಿ. ಲಾಭ ತಿದ್ದಿದವರು ತಾವಾಗಿ ಹೇಳುವುದಿಲ್ಲ, ಹಾಗಾಗಿ ಸಂಶೋಧಕರು ತಿದ್ದುವ ಕಾರಣ ಬಲವಾಗಿರುವ ಜಾಗವನ್ನು ಹುಡುಕಿಕೊಂಡು ಹೋಗುತ್ತಾರೆ. ಜೆನಿಫರ್ ಜೋನ್ಸ್ 1991ರಲ್ಲಿ ಕಂಡುಕೊಂಡ ಜಾಗ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ವಿಚಾರಣೆ. ಆಮದಿನಿಂದ ನಮಗೆ ಪೆಟ್ಟು ಬಿದ್ದಿದೆ, ರಕ್ಷಣೆ ಕೊಡಿ ಎಂದು ಕಾರು, ಉಕ್ಕು, ತಾಮ್ರ, ಪಾದರಕ್ಷೆ ಉದ್ಯಮದವರು ಆಯೋಗದ ಬಾಗಿಲಿಗೆ ಹೋಗಿದ್ದರು. ನಷ್ಟ ದೊಡ್ಡದಾಗಿ ಕಂಡಷ್ಟೂ ರಕ್ಷಣೆ ಸಿಗುವ ಸಂಭವ ಹೆಚ್ಚು. ಮಾರಾಟದ ಬದಲಾವಣೆಗೆ ಮತ್ತು ಯಂತ್ರ-ಕಟ್ಟಡಗಳ ಗಾತ್ರಕ್ಕೆ ತಕ್ಕಂತೆ ಇರಬೇಕಾದ ಅಕ್ರೂಯಲ್ ಎಷ್ಟು ಎಂದು ರಿಗ್ರೆಶನ್ ಎಂಬ ಸಂಖ್ಯಾಶಾಸ್ತ್ರದ ವಿಧಾನದ ಮೂಲಕ ಅಂದಾಜು ಮಾಡಿ, ವಿಚಾರಣೆಯ ವರ್ಷದಲ್ಲಿ ನಿಜವಾಗಿದ್ದದ್ದು ಅದಕ್ಕಿಂತ ಕೆಳಗಿದೆ ಎಂದು ಅವರು ತೋರಿಸಿದರು. ‘ಜೋನ್ಸ್ ಮಾದರಿ’ ಎಂದೇ ಹೆಸರಾದ ಈ ಸಮೀಕರಣವನ್ನು ಡೆಷೊ, ಸ್ಲೋನ್ ಮತ್ತು ಸ್ವೀನಿ 1995ರಲ್ಲಿ ಪರಿಷ್ಕರಿಸಿದರು.

ಇನ್ನೊಂದು ದಾರಿ ಇನ್ನೂ ಸರಳ. ಡೇವಿಡ್ ಬರ್ಗ್‌ಸ್ಟಾಲರ್ ಮತ್ತು ಇಲಿಯಾ ಡಿಚೆವ್ 1997ರಲ್ಲಿ ಸಾವಿರಾರು ಕಂಪನಿಗಳ ಲಾಭವನ್ನು ಗಾತ್ರದ ಪ್ರಕಾರ ಕಂಬಗಳಾಗಿ ಜೋಡಿಸಿದರು. ಸೊನ್ನೆಯ ಎಡಕ್ಕೆ, ಅಂದರೆ ಅಲ್ಪ ನಷ್ಟದ ಜಾಗದಲ್ಲಿ, ಇರಬೇಕಾದ್ದಕ್ಕಿಂತ ಕಡಿಮೆ ಕಂಪನಿಗಳಿದ್ದವು. ಬಲಕ್ಕೆ, ಅಲ್ಪ ಲಾಭದ ಜಾಗದಲ್ಲಿ, ಹೆಚ್ಚು. ಅಲ್ಪ ನಷ್ಟಕ್ಕೆ ಬೀಳಬೇಕಿದ್ದ ಕಂಪನಿಗಳಲ್ಲಿ ಶೇ. 30ರಿಂದ 44ರಷ್ಟು ಹೇಗೋ ಲಾಭ ತೋರಿಸಿವೆ ಎಂಬುದು ಅವರ ಅಂದಾಜು. ಎಂಟು ವರ್ಷಗಳ ನಂತರ ಡರ್ಟ್‌ಶಿ ಮತ್ತು ಈಸ್ಟನ್ ಅದೇ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡು, ಲಾಭವನ್ನು ಷೇರು ಬೆಲೆಯಿಂದ ಭಾಗಿಸಿದ್ದರಿಂದಲೂ ಮಾದರಿ ಆರಿಸಿದ ಬಗೆಯಿಂದಲೂ ಆ ತಗ್ಗು ಮೂಡಿರಬಹುದು ಎಂದು ವಾದಿಸಿದರು. ಕಣ್ಣಿಗೆ ಹೊಡೆಯುವ ಸಾಕ್ಷ್ಯವನ್ನೂ ಹೀಗೆ ಮತ್ತೆ ಮತ್ತೆ ಒರೆಗೆ ಹಚ್ಚುವುದರಲ್ಲೇ ಈ ಶಾಖೆಯ ಆರೋಗ್ಯವಿದೆ ಎಂಬುದು ನನ್ನ ಅಭಿಪ್ರಾಯ.

ಅಂಕಿಗಳಿಂದ ಊಹಿಸುವ ಬದಲು ನೇರವಾಗಿ ಕೇಳಿದವರೂ ಇದ್ದಾರೆ. ಗ್ರಹಾಂ, ಹಾರ್ವೆ ಮತ್ತು ಶಿವರಾಂ ರಾಜಗೋಪಾಲ್ 400ಕ್ಕೂ ಹೆಚ್ಚು ಹಣಕಾಸು ಅಧಿಕಾರಿಗಳನ್ನು ವಿಚಾರಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 78ರಷ್ಟು ಮಂದಿ, ಲಾಭ ಏರುಪೇರಿಲ್ಲದೆ ಕಾಣಲು ಕಂಪನಿಯ ನಿಜ ಮೌಲ್ಯವನ್ನೂ ಬಿಟ್ಟುಕೊಡುತ್ತೇವೆ ಎಂದು ಒಪ್ಪಿಕೊಂಡರು. ಸಂಶೋಧನೆಯ, ಜಾಹೀರಾತಿನ ಖರ್ಚನ್ನು ಮುಂದೂಡುವುದು, ಲಾಭದಾಯಕ ಯೋಜನೆಯನ್ನು ತಡಮಾಡುವುದು ಅವರು ಹೇಳಿದ ದಾರಿಗಳು. ಅಂದಾಜು ಬದಲಿಸಿದರೆ ಮರುವರ್ಷ ಸರಿಪಡಿಸಬಹುದು. ನಿಲ್ಲಿಸಿದ ಸಂಶೋಧನೆ ಮರಳಿ ಬಾರದು. ಹಾಗಾಗಿ ಈ ಎರಡನೆಯ ಬಗೆಯ ತಿದ್ದುವಿಕೆಯೇ ಹೆಚ್ಚು ಹಾನಿಕರ. 2006ರಲ್ಲಿ ಸುಗತ ರಾಯಚೌಧುರಿ ಇದನ್ನು ಅಳೆಯುವ ವಿಧಾನ ರೂಪಿಸಿದರು.

ಪೇಟೆ ತಡವಾಗಿ ಎಚ್ಚರಗೊಂಡಾಗ

ಪೇಟೆ ಸುದ್ದಿಯನ್ನು ಕ್ಷಣದಲ್ಲಿ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಶಾಖೆಯೇ ಆ ನಂಬಿಕೆಗೆ ಪೆಟ್ಟನ್ನೂ ಕೊಟ್ಟಿತು. ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ 1989ರಲ್ಲಿ ತೋರಿಸಿದಂತೆ, ತ್ರೈಮಾಸಿಕ ಲಾಭ ಪ್ರಕಟವಾದ ಮೇಲೂ ಅತಿ ಒಳ್ಳೆಯ ಸುದ್ದಿಯ ಮತ್ತು ಅತಿ ಕೆಟ್ಟ ಸುದ್ದಿಯ ಷೇರುಗಳ ಅಂತರ ಮುಂದಿನ 60 ವಹಿವಾಟು ದಿನಗಳಲ್ಲಿ ಸುಮಾರು ಶೇ. 4.2ರಷ್ಟು ಹಿಗ್ಗುತ್ತಲೇ ಹೋಗುತ್ತದೆ. ರಿಚರ್ಡ್ ಸ್ಲೋನ್ 1996ರಲ್ಲಿ, ಅಕ್ರೂಯಲ್ ಹೆಚ್ಚಿರುವ ಲಾಭ ಹೆಚ್ಚು ಕಾಲ ಬಾಳುವುದಿಲ್ಲ, ಆದರೆ ಹೂಡಿಕೆದಾರರು ಅದನ್ನು ಗಮನಿಸುವುದಿಲ್ಲ ಎಂದರು. ದೊಡ್ಡ ಹೂಡಿಕೆ ನಿಧಿಗಳು ಈ ಪ್ರಬಂಧವನ್ನು ಹಿಡಿದು ಹಣ ಹೂಡಿದವು. 2000ದ ದಶಕದಲ್ಲಿ ಆ ಲಾಭದ ಅವಕಾಶ ಬಹುಮಟ್ಟಿಗೆ ಕರಗಿತು.

ತರಗತಿಯ ಕೋಣೆಯಲ್ಲೇ ಒಂದು ಅಪರೂಪದ ಪತ್ತೆ ನಡೆದದ್ದೂ 1990ರ ದಶಕದಲ್ಲೇ. ಇಂಡಿಯಾನ ವಿಶ್ವವಿದ್ಯಾಲಯದ ಮೆಸೋದ್ ಬೆನೀಶ್, ಲೆಕ್ಕ ತಿದ್ದಿ ಸಿಕ್ಕಿಬಿದ್ದ ಕಂಪನಿಗಳನ್ನು ಉಳಿದವುಗಳ ಜೊತೆ ಹೋಲಿಸಿ ಎಂಟು ಅನುಪಾತಗಳ ಸೂತ್ರವೊಂದನ್ನು ಕಟ್ಟಿದ್ದರು. ಮಾರಾಟಕ್ಕಿಂತ ವೇಗವಾಗಿ ಬಾಕಿ ಬೆಳೆಯುತ್ತಿದೆಯೇ, ಸವಕಳಿಯ ದರ ಇಳಿಯುತ್ತಿದೆಯೇ ಎಂಬಂಥ ಸಾಧಾರಣ ಪ್ರಶ್ನೆಗಳೇ ಅದರೊಳಗಿವೆ. 1998ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಎಂ.ಬಿ.ಎ. ವಿದ್ಯಾರ್ಥಿಗಳು ಎನ್‌ರಾನ್ ಕಂಪನಿಯ ವಿಶ್ಲೇಷಣೆಗೆ ಇದನ್ನು ಬಳಸಿ, ಲೆಕ್ಕದಲ್ಲಿ ಕೈವಾಡ ಇರಬಹುದೆಂಬ ಸೂಚನೆ ಗುರುತಿಸಿ, ಷೇರನ್ನು ಮಾರಿಬಿಡಿ ಎಂದು ಬರೆದರು. ಎನ್‌ರಾನ್ ದಿವಾಳಿಯಾದದ್ದು 2001ರ ಡಿಸೆಂಬರ್‌ನಲ್ಲಿ.

ನಿಯಮ ಒಂದೇ, ಫಲ ಹಲವು

ಲೆಕ್ಕದಲ್ಲಿ ಕೆಟ್ಟ ಸುದ್ದಿಯನ್ನು ಬೇಗ, ಒಳ್ಳೆಯ ಸುದ್ದಿಯನ್ನು ತಡವಾಗಿ ಒಪ್ಪುವ ಎಚ್ಚರಿಕೆಯ ಗುಣವನ್ನು ಸುದೀಪ್ತ ಬಸು 1997ರಲ್ಲಿ ಅಳೆದರು. ಬೆಲೆ ಕುಸಿದಾಗ ಲಾಭ ಸ್ಪಂದಿಸುವುದು ಬೆಲೆ ಏರಿದಾಗ ಸ್ಪಂದಿಸುವುದರ ಎರಡರಿಂದ ಆರು ಪಟ್ಟು. ಈ ಅಳತೆಗೋಲು ದೇಶ ದೇಶಗಳ ಹೋಲಿಕೆಗೆ ಒದಗಿಬಂತು. ಬಾಲ್, ರಾಬಿನ್ ಮತ್ತು ವೂ 2003ರಲ್ಲಿ ಹಾಂಗ್‌ಕಾಂಗ್, ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳನ್ನು ನೋಡಿದರು. ನಿಯಮಗಳ ಮಟ್ಟಿಗೆ ಇವು ಬ್ರಿಟನ್, ಅಮೆರಿಕ ಮತ್ತು ಅಂತರರಾಷ್ಟ್ರೀಯ ಮಾನದಂಡಗಳ ಹಾದಿಯಲ್ಲೇ ಇದ್ದವು. ಆದರೂ ನಷ್ಟವನ್ನು ಸಕಾಲಕ್ಕೆ ತೋರಿಸುವ ಗುಣ ಕಾಣಲಿಲ್ಲ. ಯುರೋಪಿನ ಒಕ್ಕೂಟ 2005ರಲ್ಲಿ ಐಎಫ್‌ಆರ್‌ಎಸ್ ಎಂಬ ಅಂತರರಾಷ್ಟ್ರೀಯ ಮಾನದಂಡಗಳನ್ನು ಕಡ್ಡಾಯ ಮಾಡಿದ ನಂತರ ನಡೆದ ಅಧ್ಯಯನಗಳೂ ಇದನ್ನೇ ಹೇಳಿದವು: ಕಾನೂನು ಜಾರಿ ಬಿಗಿಯಾಗಿದ್ದಲ್ಲಿ ಮತ್ತು ಕಂಪನಿಗೆ ಪಾರದರ್ಶಕವಾಗಿರಲು ಕಾರಣವಿದ್ದಲ್ಲಿ ಮಾತ್ರ ಪ್ರಯೋಜನ ಕಂಡಿತು.

ಭಾರತದ ಹೊಲ

ಭಾರತದ ಕಂಪನಿಗಳ ಲೆಕ್ಕ ಈ ಸಂಶೋಧನೆಗೆ ಹೇಳಿ ಮಾಡಿಸಿದಂಥದ್ದು. ಸಿಎಂಐಇ ಸಂಸ್ಥೆಯ ‘ಪ್ರೊವೆಸ್’ ದತ್ತಕೋಶದಲ್ಲಿ ದಶಕಗಳ ಅಂಕಿಗಳಿವೆ. 2011ರಿಂದ ನಿಗದಿತ ವರ್ಗದ ಕಂಪನಿಗಳು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಗಣಕ ಓದಬಲ್ಲ ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಲೆಕ್ಕ ಸಲ್ಲಿಸುತ್ತಿವೆ. ಒಂದೇ ಕುಟುಂಬದ ಕೈಯಲ್ಲಿ ಹತ್ತಾರು ಕಂಪನಿಗಳಿರುವ ಉದ್ಯಮ ಸಮೂಹಗಳು ಇಲ್ಲಿ ಸಾಮಾನ್ಯ. ಕುಟುಂಬದ ಪಾಲು ಕಡಿಮೆಯಿರುವ ಕಂಪನಿಯಿಂದ ಪಾಲು ಹೆಚ್ಚಿರುವ ಕಂಪನಿಗೆ ಲಾಭ ಸೋರುತ್ತದೆಯೇ? ಬರ್ಟ್ರಾಂಡ್, ಮೆಹ್ತಾ ಮತ್ತು ಸೆಂಥಿಲ್ ಮುಲ್ಲೈನಾಥನ್ 2002ರಲ್ಲಿ ಪ್ರೊವೆಸ್ ಅಂಕಿಗಳಿಂದ ಹೌದು ಎಂದರು. ಮುಖ್ಯ ವ್ಯವಹಾರದ ಹೊರಗಿನ ಆದಾಯ-ವೆಚ್ಚದ ಬಾಬ್ತುಗಳಲ್ಲಿ ಆ ಸೋರಿಕೆಯ ಗುರುತು ಸಿಕ್ಕಿತು. ಹತ್ತು ವರ್ಷಗಳ ನಂತರ ಸೀಗಲ್ ಮತ್ತು ಚೌಧುರಿ ಹೊಸ ವಿಧಾನದಿಂದ ನೋಡಿ ಆ ತೀರ್ಮಾನವನ್ನು ಪ್ರಶ್ನಿಸಿದರು. ಕಂಪನಿಗಳ ವ್ಯವಹಾರ ತಂತ್ರಗಳೇ ಬೇರೆಯಿದ್ದುದರಿಂದ ಹಾಗೆ ಕಂಡಿರಬಹುದು ಎಂಬುದು ಅವರ ವಾದ. ಚರ್ಚೆ ಮುಗಿದಿಲ್ಲ.

ಕಾನೂನಿನ ಒಂದು ಗೆರೆ ಹೇಗೆ ಪ್ರಯೋಗಶಾಲೆಯಾಗುತ್ತದೆ ಎಂಬುದಕ್ಕೆ 2013ರ ಕಂಪನಿ ಕಾಯ್ದೆಯ 135ನೇ ಕಲಂ ಒಳ್ಳೆಯ ನಿದರ್ಶನ. ನಿವ್ವಳ ಸಂಪತ್ತು 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ದಾಟಿದ ಕಂಪನಿ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ವಿನಿಯೋಗಿಸಬೇಕು. ಗೆರೆಯ ಸ್ವಲ್ಪ ಮೇಲಿರುವ ಕಂಪನಿಗೂ ಸ್ವಲ್ಪ ಕೆಳಗಿರುವುದಕ್ಕೂ ಉಳಿದ ವಿಷಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಒಂದಕ್ಕೆ ಕಾನೂನು ತಗಲುತ್ತದೆ, ಇನ್ನೊಂದಕ್ಕೆ ಇಲ್ಲ. ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಹರಿಓಂ ಮಂಚಿರಾಜು ಮತ್ತು ರಾಜಗೋಪಾಲ್ 2017ರಲ್ಲಿ ಈ ಹೋಲಿಕೆಯಿಂದ, ಕಾನೂನಿಗೆ ಒಳಪಟ್ಟ ಕಂಪನಿಗಳ ಷೇರು ಬೆಲೆ ಸರಾಸರಿ ಶೇ. 4.1ರಷ್ಟು ಇಳಿಯಿತು ಎಂದು ಕಂಡುಕೊಂಡರು. ಇದು ಷೇರುದಾರರ ದೃಷ್ಟಿಯ ಲೆಕ್ಕ ಮಾತ್ರ ಎಂಬುದನ್ನು ಮರೆಯಬಾರದು. ಆ ಹಣದಲ್ಲಿ ಕಟ್ಟಿದ ಶಾಲೆ, ಶೌಚಾಲಯಗಳ ಪ್ರಯೋಜನವನ್ನು ಈ ಸಂಖ್ಯೆ ಅಳೆಯುವುದಿಲ್ಲ.

ಸಾಫ್ಟ್‌ವೇರ್ ಕಂಪನಿ ಸತ್ಯಂನ ಪ್ರಕರಣವನ್ನು ಬಿಟ್ಟು ಭಾರತದ ಹಣಕಾಸು ವರದಿಗಾರಿಕೆಯ ಮಾತು ಮುಗಿಯದು. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ, ಲೆಕ್ಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಅದರ ಹಿಂದಿನ ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ವರದಿಯಾದ ಆದಾಯ 2,700 ಕೋಟಿ, ನಿಜವಾದದ್ದು 2,112 ಕೋಟಿ. ವರದಿಯಾದ ಲಾಭದ ಪ್ರಮಾಣ ಆದಾಯದ ಶೇ. 24, ನಿಜವಾದದ್ದು ಶೇ. 3. ಸಂಶೋಧಕರಿಗೆ ಇದರಲ್ಲಿ ಕಹಿಯಾದ ಪಾಠವಿದೆ. ಅಕ್ರೂಯಲ್ ಮಾದರಿಗಳೆಲ್ಲ ನಗದನ್ನು ನಂಬಿ ಉಳಿದದ್ದನ್ನು ಅನುಮಾನಿಸುತ್ತವೆ. ಸತ್ಯಂನಲ್ಲಿ ನಗದೇ ಸುಳ್ಳಾಗಿತ್ತು. ಬ್ಯಾಂಕಿನ ದೃಢೀಕರಣ ಪತ್ರವನ್ನು ಲೆಕ್ಕಪರಿಶೋಧಕರು ಸ್ವತಂತ್ರವಾಗಿ ಪಡೆದು ನೋಡುವ ಮೂಲಭೂತ ಕೆಲಸಕ್ಕೆ ಯಾವ ಸಮೀಕರಣವೂ ಬದಲಿಯಲ್ಲ. ಈ ಹಗರಣದ ನಂತರದ ಚರ್ಚೆಗಳ ಫಲವಾಗಿ 2013ರ ಕಾಯ್ದೆಯಲ್ಲಿ ಲೆಕ್ಕಪರಿಶೋಧಕರನ್ನು ಅವಧಿಗೊಮ್ಮೆ ಬದಲಿಸುವ ನಿಯಮ ಬಂತು. 2018ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಣಕಾಸು ವರದಿಗಾರಿಕೆ ಪ್ರಾಧಿಕಾರ ರಚನೆಯಾಯಿತು. ಐಎಫ್‌ಆರ್‌ಎಸ್‌ಗೆ ಹತ್ತಿರವಾದ ‘ಇಂಡ್ ಎಎಸ್’ ಮಾನದಂಡಗಳು 2016ರ ಏಪ್ರಿಲ್‌ನಿಂದ 500 ಕೋಟಿ ನಿವ್ವಳ ಸಂಪತ್ತಿನ ಕಂಪನಿಗಳಿಗೆ, ಮರುವರ್ಷ ಇನ್ನಷ್ಟು ಕಂಪನಿಗಳಿಗೆ ಕಡ್ಡಾಯವಾದವು.

ಬೆಂಗಳೂರಿನ ಇನ್ಫೋಸಿಸ್ ಸತ್ಯಂಗೆ ತದ್ವಿರುದ್ಧ ದಿಕ್ಕಿನ ಉದಾಹರಣೆಯಾಗಿ ಪಠ್ಯಗಳಲ್ಲಿ ಬರುತ್ತದೆ. 1999ರಲ್ಲಿ ನಾಸ್ಡಾಕ್ ಪೇಟೆಯಲ್ಲಿ ಪಟ್ಟಿಯಾದ ಮೊದಲ ಭಾರತೀಯ ಕಂಪನಿ ಅದು. ಕಾನೂನು ಕೇಳದ ವಿವರಗಳನ್ನೂ ತಾನಾಗಿ ವಾರ್ಷಿಕ ವರದಿಯಲ್ಲಿ ಕೊಡುತ್ತಿತ್ತು. ನೌಕರರು ಮುಂದೆ ಗಳಿಸಬಹುದಾದ ಸಂಬಳವನ್ನು ಇಂದಿನ ಬೆಲೆಗೆ ಇಳಿಸಿ ಮಾನವ ಸಂಪನ್ಮೂಲಕ್ಕೆ ಮೌಲ್ಯ ಕಟ್ಟುವ ಲೆವ್-ಶ್ವಾರ್ಟ್ಜ್ ಮಾದರಿ ಕರ್ನಾಟಕದ ಎಂ.ಕಾಂ. ವಿದ್ಯಾರ್ಥಿಗಳಿಗೆ ಪರಿಚಯವಾದದ್ದು ಬಹುಮಟ್ಟಿಗೆ ಈ ವರದಿಗಳಿಂದ. ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು 2004ರಲ್ಲಿ ಇನ್ಫೋಸಿಸ್‌ನ ಆಡಳಿತ ಪದ್ಧತಿಯ ಬಗ್ಗೆಯೇ ಪ್ರಬಂಧ ಬರೆದರು.

ಓದಿನ ಕ್ರಮ

ಅಮೆರಿಕದ ಪಿಎಚ್.ಡಿ. ಸಾಮಾನ್ಯವಾಗಿ ಐದು ವರ್ಷದ್ದು. ಮೊದಲೆರಡು ವರ್ಷ ಲೆಕ್ಕಶಾಸ್ತ್ರಕ್ಕಿಂತ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಹಣಕಾಸು ಸಿದ್ಧಾಂತಗಳೇ ಹೆಚ್ಚು. ನಂತರದ ಸೆಮಿನಾರುಗಳಲ್ಲಿ ವಾರಕ್ಕೆ ಕೆಲವು ಪ್ರಬಂಧಗಳನ್ನು ಬಿಡಿಸಿ ಓದಿ, ಪ್ರಶ್ನೆ ಏನು, ಇದು ಯಾರಿಗೆ ಮುಖ್ಯ, ದತ್ತಾಂಶ ಎಲ್ಲಿಯದು, ಬೇರೆ ವಿವರಣೆ ಸಾಧ್ಯವೇ ಎಂದು ವಿದ್ಯಾರ್ಥಿಯೇ ಮಂಡಿಸಬೇಕು. ಹಳೆಯ ಪ್ರಬಂಧವೊಂದನ್ನು ಮೂಲ ದತ್ತಾಂಶದಿಂದ ಮತ್ತೆ ಮಾಡಿ ತೋರಿಸುವುದು ಕಡ್ಡಾಯ ಅಭ್ಯಾಸ. ಬಾಲ್ ಮತ್ತು ಬ್ರೌನ್ ಅವರ ಎರಡು ಗೆರೆಗಳನ್ನು ತನ್ನ ಕಂಪ್ಯೂಟರಿನಲ್ಲಿ ಮೂಡಿಸಿಕೊಂಡ ವಿದ್ಯಾರ್ಥಿಗೆ ವಿಧಾನದ ಒಳಗುಟ್ಟು ಹತ್ತು ಉಪನ್ಯಾಸಗಳಿಗಿಂತ ಚೆನ್ನಾಗಿ ತಿಳಿಯುತ್ತದೆ. ಈ ವಿಷಯದಲ್ಲಿ ಇಯಾನ್ ಗೋ ಮತ್ತು ಟೋನಿ ಡಿಂಗ್ ಅವರ 2024ರ ಪಠ್ಯ ದೊಡ್ಡ ಉಪಕಾರ ಮಾಡಿದೆ. ಹೆಸರಾಂತ ಪ್ರಬಂಧಗಳ ವಿಶ್ಲೇಷಣೆಯನ್ನು ಉಚಿತ ‘ಆರ್’ ತಂತ್ರಾಂಶದ ಆಜ್ಞೆಗಳ ಸಮೇತ ಕೊಡುವ ಅದು ಅಂತರ್ಜಾಲದಲ್ಲಿ ಹಣ ಕೊಡದೆ ಓದಲು ಸಿಗುತ್ತದೆ.

ಭಾರತದಲ್ಲಿ ಈ ಓದಿಗೆ ಎರಡು ದಾರಿಗಳಿವೆ. ಬೆಂಗಳೂರು, ಅಹಮದಾಬಾದ್, ಕಲ್ಕತ್ತಾ ಐಐಎಂಗಳಂಥ ಸಂಸ್ಥೆಗಳ ಡಾಕ್ಟರೇಟ್ ಕಾರ್ಯಕ್ರಮ ಅಮೆರಿಕದ ಮಾದರಿಗೆ ಹತ್ತಿರ. ವಿಶ್ವವಿದ್ಯಾಲಯಗಳ ವಾಣಿಜ್ಯ ವಿಭಾಗಗಳಲ್ಲಿ ಎಂ.ಕಾಂ. ಮುಗಿಸಿ, ನೆಟ್ ಅಥವಾ ಪ್ರವೇಶ ಪರೀಕ್ಷೆ ಬರೆದು, ಕೋರ್ಸ್‌ವರ್ಕ್ ಮಾಡಿ, ಮಾರ್ಗದರ್ಶಕರೊಬ್ಬರ ಕೈಕೆಳಗೆ ಮಹಾಪ್ರಬಂಧ ಬರೆಯುವುದು ಇನ್ನೊಂದು. ಎರಡನೆಯ ದಾರಿಯಲ್ಲಿ ಬರುವವರು ಲೆಕ್ಕ ಬಲ್ಲವರು; ಜರ್ನಲ್ ಎಂಟ್ರಿಯಿಂದ ಅಢಾವೆ ಪತ್ರಿಕೆಯವರೆಗೆ ಅವರ ಹಿಡಿತ ಗಟ್ಟಿ. ಕೊರತೆ ಇರುವುದು ಅರ್ಥಮಿತಿಯಲ್ಲಿ. ಐದಾರು ಕಂಪನಿಗಳ ಅನುಪಾತ ವಿಶ್ಲೇಷಣೆ, ನೂರಿನ್ನೂರು ಜನರಿಗೆ ಪ್ರಶ್ನಾವಳಿ ಎಂಬ ಚೌಕಟ್ಟಿನಲ್ಲೇ ಅನೇಕ ಪ್ರಬಂಧಗಳು ನಿಂತುಬಿಡುತ್ತವೆ. ಎಂ.ಕಾಂ. ಮಟ್ಟದಲ್ಲಿಯೇ ರಿಗ್ರೆಶನ್ ಮತ್ತು ಪ್ರೋಗ್ರಾಮಿಂಗ್ ಅನ್ನು ಗಂಭೀರವಾಗಿ ಕಲಿಸಿದರೆ ಈ ಕೊರತೆ ನೀಗುವುದು ಕಷ್ಟವಲ್ಲ.

ನಂಬಿಕೆಯ ಪ್ರಶ್ನೆ

ಎರಡು ಸಂಗತಿಗಳು ಜೊತೆಗೆ ನಡೆದರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂಬುದು ಈ ಶಾಖೆಯನ್ನು ಇಂದಿಗೂ ಕಾಡುವ ತೊಡಕು. ಒಳ್ಳೆಯ ಲೆಕ್ಕಪರಿಶೋಧಕರಿರುವ ಕಂಪನಿಯ ವರದಿ ಚೆನ್ನಾಗಿದ್ದರೆ, ಅದು ಪರಿಶೋಧಕರ ಗುಣವೋ, ಚೆನ್ನಾದ ಕಂಪನಿಯೇ ಅವರನ್ನು ಹುಡುಕಿಕೊಂಡಿತೋ? ಮಂಚಿರಾಜು ಅವರಂತೆ ಕಾನೂನಿನ ಗೆರೆಗಳನ್ನು ಬಳಸುವ ಅಧ್ಯಯನಗಳು ಹೆಚ್ಚುತ್ತಿರುವುದು ಇದೇ ಕಾರಣಕ್ಕೆ. ಬೇಕಾದ ಫಲ ಬರುವವರೆಗೆ ಅಂಕಿಗಳನ್ನು ಹಿಂಡುವ ಪ್ರವೃತ್ತಿ ಇನ್ನೊಂದು ಪಿಡುಗು. ‘ಜರ್ನಲ್ ಆಫ್ ಅಕೌಂಟಿಂಗ್ ರಿಸರ್ಚ್’ 2017ರ ತನ್ನ ಸಮ್ಮೇಳನಕ್ಕೆ, ಫಲಿತಾಂಶ ಗೊತ್ತಾಗುವ ಮೊದಲೇ ಯೋಜನೆಯನ್ನು ನೋಡಿ ಪ್ರಬಂಧ ಒಪ್ಪಿಕೊಳ್ಳುವ ಪ್ರಯೋಗ ಮಾಡಿತು. ಬೆಂಟ್ಲಿ ವಿಶ್ವವಿದ್ಯಾಲಯದ ಜೇಮ್ಸ್ ಹಂಟನ್ ದತ್ತಾಂಶವನ್ನೇ ಕಟ್ಟಿ ಬರೆದಿದ್ದಾರೆಂದು 2014ರಲ್ಲಿ ಆ ವಿಶ್ವವಿದ್ಯಾಲಯದ ತನಿಖೆ ತೀರ್ಮಾನಿಸಿದ ಮೇಲೆ ಅವರ 30ಕ್ಕೂ ಹೆಚ್ಚು ಪ್ರಬಂಧಗಳು ಹಿಂತೆಗೆಯಲ್ಪಟ್ಟವು. ಕಂಪನಿಗಳ ಸುಳ್ಳನ್ನು ಹುಡುಕುವ ಶಾಖೆಗೆ ತನ್ನ ದತ್ತಾಂಶವನ್ನು ತೆರೆದಿಡುವ ಹೊಣೆ ಉಳಿದವರಿಗಿಂತ ಹೆಚ್ಚು.

ಈಚಿನ ವರ್ಷಗಳಲ್ಲಿ ಅಂಕಿಗಳ ಜೊತೆ ವರದಿಯ ಮಾತುಗಳನ್ನೂ ಗಣಕದಿಂದ ಓದಿಸುತ್ತಿದ್ದಾರೆ. ಲಾಭ ಕಡಿಮೆಯಿರುವ ಕಂಪನಿಗಳ ವರದಿ ಓದಲು ಹೆಚ್ಚು ಕ್ಲಿಷ್ಟ ಎಂದು ಫೆಂಗ್ ಲೀ 2008ರಲ್ಲಿ ತೋರಿಸಿದರು. ಸಾಮಾನ್ಯ ನಿಘಂಟು ನಕಾರಾತ್ಮಕವೆಂದು ಗುರುತಿಸುವ ಪದಗಳ ಸುಮಾರು ಮುಕ್ಕಾಲು ಪಾಲು ಹಣಕಾಸು ವರದಿಯಲ್ಲಿ ಹಾಗಿರುವುದಿಲ್ಲ ಎಂದು ಲೌರನ್ ಮತ್ತು ಮೆಕ್‌ಡೊನಾಲ್ಡ್ 2011ರಲ್ಲಿ ಕಂಡುಕೊಂಡರು. ತೆರಿಗೆ, ವೆಚ್ಚ, ಹೊಣೆ ಎಂಬವು ಅಲ್ಲಿ ದಿನಬಳಕೆಯ ಮಾತುಗಳು.

ಕನ್ನಡದಲ್ಲಿಯೇ ಲೆಕ್ಕಪತ್ರ ಪ್ರಕಟವಾಗುವ ದೊಡ್ಡ ಕ್ಷೇತ್ರವೊಂದು ನಮ್ಮಲ್ಲಿದೆ: ಸಹಕಾರ ಸಂಘಗಳು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದಿಂದ ಆರಂಭವಾದ ಈ ಪರಂಪರೆಯಲ್ಲಿ ಪ್ರತಿ ಸಂಘವೂ ವಾರ್ಷಿಕ ಮಹಾಸಭೆಗೆ ಜಮಾ-ಖರ್ಚು, ಲಾಭ-ನಷ್ಟ, ಅಢಾವೆ ಪತ್ರಿಕೆ, ಲೆಕ್ಕಪರಿಶೋಧನಾ ವರದಿ ಮಂಡಿಸಬೇಕು. ಸುಸ್ತಿ ಸಾಲಕ್ಕೆ ಎಷ್ಟು ತೆಗೆದಿಟ್ಟಿದ್ದಾರೆ, ಅಲ್ಪ ನಷ್ಟಕ್ಕಿಂತ ಅಲ್ಪ ಲಾಭದ ಸಂಘಗಳೇ ಹೆಚ್ಚಿವೆಯೇ, ಆಡಳಿತ ಮಂಡಳಿಯ ಚುನಾವಣೆಯ ವರ್ಷ ಲಾಭ ಬದಲಾಗುತ್ತದೆಯೇ ಎಂದು ಬರ್ಗ್‌ಸ್ಟಾಲರ್, ಜೋನ್ಸ್ ಅವರ ವಿಧಾನಗಳಿಂದಲೇ ಕೇಳಬಹುದು. ಅಮೆರಿಕದ ದತ್ತಕೋಶಗಳಿಗೆ ಶುಲ್ಕ ತೆರಬೇಕು. ಸಂಘಗಳ ಅಧ್ಯಯನಕ್ಕೆ ಬೇಕಾದ್ದು ಮುದ್ರಿತ ವರದಿಗಳನ್ನು ಕಲೆಹಾಕಿ ಒಂದೊಂದಾಗಿ ಗಣಕಕ್ಕೆ ತುಂಬುವ ತಾಳ್ಮೆ. ನಮ್ಮ ವಾಣಿಜ್ಯ ವಿಭಾಗಗಳು ತಂತಮ್ಮ ಜಿಲ್ಲೆಯ ಸಂಘಗಳ ಹತ್ತು ವರ್ಷದ ವರದಿಗಳನ್ನು ಸಂಗ್ರಹಿಸಿ ಎಲ್ಲರಿಗೂ ತೆರೆದಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.